ಗೈಡ್ ಪಕ್ಕಕ್ಕಿಟ್ಟು ಮ್ಯಾಕ್‌ಬೆತ್ ಓದುವ ಬಗೆ

ಸಿಲಬಸ್‌ನಲ್ಲಿ ಷೇಕ್ಸ್‌ಪಿಯರ್ ಇದ್ದಾನೆ ಎಂದು ಗೊತ್ತಾದ ದಿನವೇ ನಮ್ಮ ಹುಡುಗರು ಹುಡುಗಿಯರು ಗೈಡ್ ಕೊಳ್ಳಲು ಹೋಗುತ್ತಾರೆ. ನಾನೂ ಹೋಗಿದ್ದೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ನಾಟಕದ ಪುಸ್ತಕ ತೆರೆದರೆ ಒಂದು ಸಾಲೂ ದಕ್ಕುತ್ತಿರಲಿಲ್ಲ. ಗೈಡಿನ ಸಾರಾಂಶ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆ, ಪಾಸಾದೆ. ನಾಟಕವನ್ನು ಮಾತ್ರ ಓದಿರಲಿಲ್ಲ. ವರ್ಷಗಳ ಮೇಲೆ ಅದೇ ‘ಮ್ಯಾಕ್‌ಬೆತ್’ ಪಾಠ ಮಾಡಬೇಕಾಗಿ ಬಂದಾಗ ಒಂದು ರಾತ್ರಿ ಕೂತು ಗಟ್ಟಿಯಾಗಿ ಓದಿದೆ. ಎರಡನೆಯ ಅಂಕಕ್ಕೆ ಬರುವ ಹೊತ್ತಿಗೆ ಮೈ ಜುಂ ಅಂದಿತು. ಇಷ್ಟು ದಿನ ಇದನ್ನು ಯಾರೂ ನನಗೆ ಹೇಳಲಿಲ್ಲವಲ್ಲ ಎಂದು ಸಂಕಟವೂ ಆಯಿತು. ಆ ಸಂಕಟ ನಿಮಗೆ ಬೇಡ ಎಂದು, ನನ್ನ ತರಗತಿಯಲ್ಲಿ ನಾವು ಈ ನಾಟಕವನ್ನು ಹೇಗೆ ಓದುತ್ತೇವೋ ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ದುರಂತ ನಾಟಕ ನಿಮ್ಮ ಪಾಲಿಗೆ ಬಂದಿದ್ದರೂ ಇದೇ ದಾರಿಯಲ್ಲಿ ಹೋಗಬಹುದು.

ಮೊದಲು ಕಥೆ

ಕೊನೆ ಏನೆಂದು ಮೊದಲೇ ತಿಳಿದರೆ ಸ್ವಾರಸ್ಯ ಹೋಗುತ್ತದೆ ಎಂಬ ಭಯ ಬೇಡ. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೇ ಜನ ಯಕ್ಷಗಾನಕ್ಕೆ ಹೋಗಿ ಬೆಳಗಿನ ತನಕ ಕೂರುತ್ತಾರೆ. ದುರಂತ ನಾಟಕ ನೋಡುವುದೂ ಹಾಗೆಯೇ.

ಕಥೆ ಇಷ್ಟು. ಸ್ಕಾಟ್ಲೆಂಡಿನ ದಳಪತಿ ಮ್ಯಾಕ್‌ಬೆತ್ ಯುದ್ಧ ಗೆದ್ದು ಗೆಳೆಯ ಬ್ಯಾಂಕೊ ಜೊತೆ ಮರಳುತ್ತಿರುವಾಗ ಮೂವರು ಮಾಟಗಾತಿಯರು ಎದುರಾಗುತ್ತಾರೆ. ನೀನು ಕಾಡರ್ ಎಂಬ ಸೀಮೆಯ ಒಡೆಯನಾಗುತ್ತೀ, ಮುಂದೆ ಅರಸನಾಗುತ್ತೀ ಎಂದು ಮ್ಯಾಕ್‌ಬೆತ್‌ಗೆ ಹೇಳುತ್ತಾರೆ. ನೀನು ಅರಸನಾಗದಿದ್ದರೂ ನಿನ್ನ ಸಂತತಿಯವರು ಆಗುತ್ತಾರೆ ಎಂದು ಬ್ಯಾಂಕೊಗೆ. ಕಾಡರ್‌ನ ಮಾತು ಅಲ್ಲೇ ನಿಜವಾಗುತ್ತದೆ. ಅರಸ ಡಂಕನ್ ಅತಿಥಿಯಾಗಿ ಮನೆಗೆ ಬಂದಾಗ, ಹಿಂದೆಗೆಯುತ್ತಿದ್ದ ಗಂಡನನ್ನು ಲೇಡಿ ಮ್ಯಾಕ್‌ಬೆತ್ ಮುಂದೆ ನೂಕುತ್ತಾಳೆ. ನಿದ್ದೆಯಲ್ಲಿದ್ದ ಅರಸನ ಕೊಲೆಯಾಗುತ್ತದೆ. ಪಟ್ಟ ಸಿಕ್ಕ ಮೇಲೆ ಮ್ಯಾಕ್‌ಬೆತ್ ಬ್ಯಾಂಕೊನನ್ನು ಕೊಲ್ಲಿಸುತ್ತಾನೆ, ಆಮೇಲೆ ಮ್ಯಾಕ್‌ಡಫ್ ಎಂಬ ಸರದಾರನ ಹೆಂಡತಿ ಮಕ್ಕಳನ್ನು. ಹೆಂಡತಿ ನಿದ್ದೆಗಣ್ಣಲ್ಲಿ ಓಡಾಡುತ್ತ, ಇಲ್ಲದ ರಕ್ತ ತೊಳೆಯುತ್ತ ಸಾಯುತ್ತಾಳೆ. ಕೊನೆಗೆ ಮ್ಯಾಕ್‌ಡಫ್‌ನ ಕೈಯಲ್ಲಿ ಮ್ಯಾಕ್‌ಬೆತ್‌ನ ಅಂತ್ಯ. ಡಂಕನ್‌ನ ಮಗ ಮಾಲ್ಕಮ್ ಅರಸನಾಗುತ್ತಾನೆ.

ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ರಾಸ್, ಲೆನಕ್ಸ್, ಆಂಗಸ್ ಎಂಬ ಸರದಾರರು ಮೊದಲ ಓದಿನಲ್ಲಿ ಒಬ್ಬರಿಗೊಬ್ಬರು ಕಲಸಿಹೋಗುತ್ತಾರೆ. ಚಿಂತೆ ಮಾಡಬೇಡಿ.

ಪುಸ್ತಕ ಆರಿಸುವಾಗ

ಸಾಲುಗಳಿಗೆ ಸಂಖ್ಯೆ ಇರಬೇಕು; ಕಷ್ಟದ ಪದಗಳ ಅರ್ಥ ಅದೇ ಪುಟದಲ್ಲೋ ಎದುರು ಪುಟದಲ್ಲೋ ಇರಬೇಕು. ಅರ್ಥಗಳೆಲ್ಲ ಪುಸ್ತಕದ ಕೊನೆಯಲ್ಲಿದ್ದರೆ ಪುಟ ತಿರುವುವುದರಲ್ಲೇ ಓದಿನ ಓಘ ಸಾಯುತ್ತದೆ. ಒಂದು ಎಚ್ಚರ: ಐದನೆಯ ಅಂಕವನ್ನು ಎಲ್ಲ ಸಂಪಾದಕರೂ ಒಂದೇ ಲೆಕ್ಕದಲ್ಲಿ ದೃಶ್ಯಗಳಾಗಿ ಒಡೆದಿಲ್ಲ. ಗೆಳೆಯರ ನೋಟ್ಸಿನ ದೃಶ್ಯ ಸಂಖ್ಯೆ ನಿಮ್ಮ ಪುಸ್ತಕಕ್ಕೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ.

ಇದು ಷೇಕ್ಸ್‌ಪಿಯರ್ ಬರೆದ ದುರಂತ ನಾಟಕಗಳಲ್ಲೇ ಚಿಕ್ಕದು, ಎರಡು ಸಾವಿರ ಚಿಲ್ಲರೆ ಸಾಲು. ‘ಹ್ಯಾಮ್ಲೆಟ್’ ಇದರ ಹತ್ತಿರ ಹತ್ತಿರ ಎರಡರಷ್ಟಿದೆ. ಒಂದು ಭಾನುವಾರ ಮನಸ್ಸು ಮಾಡಿದರೆ ಮುಗಿಯುವ ನಾಟಕ.

ಬಾಯಿಬಿಟ್ಟು ಓದಿ

ಕಣ್ಣಲ್ಲಿ ಓದಿದರೆ ಇದು ಕಬ್ಬಿಣದ ಕಡಲೆ. ಅರ್ಥವಾಗದ ಪದಕ್ಕೆ ನಿಲ್ಲದೆ, ಒಂದು ದೃಶ್ಯವನ್ನು ಪೂರ್ತಿ ಗಟ್ಟಿಯಾಗಿ ಓದಿ. ಆಮೇಲೆ ಪದಗಳ ಅರ್ಥ ನೋಡಿ. ಮತ್ತೊಮ್ಮೆ ಗಟ್ಟಿಯಾಗಿ ಓದಿ. ಈ ಮೂರು ಸುತ್ತಿಗೆ ಬದಲಿ ದಾರಿ ನನಗಂತೂ ಕಂಡಿಲ್ಲ.

ಓದುವಾಗ ಕಿವಿಗೆ ಮೊದಲು ಬೀಳುವುದು ಲಯ. ಸರದಾರರ ಮಾತು ಬಹುಮಟ್ಟಿಗೆ ಬ್ಲ್ಯಾಂಕ್ ವರ್ಸ್‌ನಲ್ಲಿದೆ: ಸಾಲಿಗೆ ಸುಮಾರು ಹತ್ತು ಉಚ್ಚಾರಾಂಶ, ಐದು ಒತ್ತು, ಅಂತ್ಯಪ್ರಾಸ ಇಲ್ಲ. ನಮ್ಮ ಸರಳ ರಗಳೆ ಕೇಳಿದ ಕಿವಿಗೆ ಇದು ಅಪರಿಚಿತವಲ್ಲ. ಪ್ರಾಸದ ಹಂಗಿಲ್ಲದೆ ಮಾತು ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿದುಹೋಗುವುದು ಎರಡರಲ್ಲೂ ಇದೆ. ಮಾಟಗಾತಿಯರು ಬಂದರೆ ಮಾತ್ರ ನಡೆಯೇ ಬೇರೆ. ‘ಡಬಲ್, ಡಬಲ್ ಟಾಯ್ಲ್ ಆ್ಯಂಡ್ ಟ್ರಬಲ್’ ಎಂಬ ಸಾಲನ್ನು ಮೇಜಿನ ಮೇಲೆ ಬೆರಳು ಬಡಿಯುತ್ತ ಹೇಳಿನೋಡಿ. ನಾಲ್ಕೇ ಬಡಿತ, ಒತ್ತು ಸಾಲಿನ ಮೊದಲಲ್ಲೇ, ಮೇಲೆ ಪ್ರಾಸ. ಮಂತ್ರ ಹಾಕಿದ ಹಾಗೆ.

ಪದ್ಯ ನಿಂತು ಗದ್ಯ ಬರುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಮೊದಲ ಅಂಕದಲ್ಲಿ ಅಷ್ಟು ಬಿಗಿಯಾದ ಪದ್ಯದಲ್ಲಿ ಮಾತಾಡಿದ ಲೇಡಿ ಮ್ಯಾಕ್‌ಬೆತ್, ಐದನೆಯ ಅಂಕದಲ್ಲಿ ನಿದ್ದೆಯಲ್ಲಿ ನಡೆಯುವಾಗ ತುಂಡು ತುಂಡು ಗದ್ಯದಲ್ಲಿ ಮಾತಾಡುತ್ತಾಳೆ. ಅವಳ ಮನಸ್ಸು ಒಡೆದಿದೆ ಎಂದು ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅವಳ ಮಾತಿನ ನಡೆ ಹೇಳಿಬಿಡುತ್ತದೆ.

ನೀನು, ನೀವು

ಇಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲವಿದೆ. ಇವತ್ತಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ‘ಯೂ’ ಒಂದೇ. ಷೇಕ್ಸ್‌ಪಿಯರ್ ಕಾಲದಲ್ಲಿ ‘ದೌ’ ಮತ್ತು ‘ಯೂ’ ಎರಡೂ ಬಳಕೆಯಲ್ಲಿದ್ದವು, ಹೆಚ್ಚು ಕಡಿಮೆ ನಮ್ಮ ನೀನು–ನೀವು ಹಾಗೆ. ಸಲುಗೆಗೂ ‘ದೌ’, ತಿರಸ್ಕಾರಕ್ಕೂ ‘ದೌ’. ಇಂಗ್ಲಿಷ್ ಮಾತೃಭಾಷೆಯವರು ಇದನ್ನು ಟಿಪ್ಪಣಿ ಓದಿ ತಿಳಿಯಬೇಕು. ಗಂಡ ಹೆಂಡತಿ ಜಗಳದಲ್ಲಿ ‘ನೀವು’ ಹೋಗಿ ‘ನೀನು’ ಬಂದರೆ ಮನೆಯಲ್ಲಿ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ಅಂಕದ ಏಳನೆಯ ದೃಶ್ಯ ತೆಗೆಯಿರಿ. ಕೊಲೆ ಬೇಡ ಎಂದು ಮ್ಯಾಕ್‌ಬೆತ್ ಹೇಳಿದಾಗ ಹೆಂಡತಿ ‘ಯೂ’ ಎಂದೇ ಶುರು ಮಾಡುತ್ತಾಳೆ: ನೀವು ತೊಟ್ಟಿದ್ದ ಆ ಆಸೆ ಕುಡಿದ ಮತ್ತಿನದ್ದೇ? ಎರಡು ಮೂರು ಸಾಲು ದಾಟುವಷ್ಟರಲ್ಲಿ ‘ಆರ್ಟ್ ದೌ ಅಫಿಯರ್ಡ್’, ನಿನಗೆ ಹೆದರಿಕೆಯೇ ಎಂದು ಇಳಿಯುತ್ತದೆ. ಅವನು ಸುಮ್ಮನಿರು ಎಂದ ಮೇಲೆ ಮತ್ತೆ ‘ಯೂ’: ಆ ಮಾತಿಗೆ ಧೈರ್ಯ ಮಾಡಿದಾಗ ನೀವು ಗಂಡಸಾಗಿದ್ದಿರಿ. ಈ ಭಾಗವನ್ನು ನಿಮ್ಮ ಊರಿನ ಕನ್ನಡಕ್ಕೆ ತಂದು ಒಮ್ಮೆ ಬರೆಯಿರಿ. ಹುಬ್ಬಳ್ಳಿಯ ಕಡೆಯವರು ಅಲ್ಲಿಯ ಮಾತಿನಲ್ಲೇ, ಮಂಡ್ಯದವರು ಮಂಡ್ಯದ ಮಾತಿನಲ್ಲೇ ಬರೆಯಲಿ. ನನ್ನ ತರಗತಿಯಲ್ಲಿ ಇದು ಪ್ರತಿ ವರ್ಷ ಮಾಡಿಸುವ ಅಭ್ಯಾಸ. ಎಲ್ಲಿ ನೀವು, ಎಲ್ಲಿ ನೀನು ಎಂದು ಆರಿಸುವಾಗಲೇ ಆ ಹೆಣ್ಣಿನ ಮಾತು ಎಷ್ಟು ಲೆಕ್ಕಾಚಾರದ್ದು ಎಂದು ತಿಳಿಯುತ್ತದೆ.

ಪರಿಚಿತ ಪದಗಳ ಬಗ್ಗೆಯೂ ಹುಷಾರು. ‘ವಿಯರ್ಡ್ ಸಿಸ್ಟರ್ಸ್’ ಎಂದರೆ ವಿಚಿತ್ರ ಹೆಂಗಸರು ಎಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ವಿಧಿ ಎಂಬ ಅರ್ಥ. ‘ಪ್ರೆಸೆಂಟ್ಲಿ’ ಎಂದರೆ ಆ ಕಾಲಕ್ಕೆ ಬಹಳ ಸಲ ‘ಈಗಿಂದೀಗಲೇ’.

ಒಂದು ದೃಶ್ಯದಲ್ಲಿ ಬೇರೂರಿ ಕೂತುಕೊಳ್ಳಿ

ಇಡೀ ನಾಟಕವನ್ನು ಒಂದೇ ಆಳದಲ್ಲಿ ಓದಲು ಸಮಯ ಸಾಲದು. ಒಂದು ದೃಶ್ಯವನ್ನಾದರೂ ತಳ ಮುಟ್ಟುವ ತನಕ ಓದಿ. ನನ್ನ ಆಯ್ಕೆ ಎರಡನೆಯ ಅಂಕದ ಎರಡನೆಯ ದೃಶ್ಯ.

ಡಂಕನ್‌ನ ಕೊಲೆ ರಂಗದ ಮೇಲೆ ನಡೆಯುವುದಿಲ್ಲ. ನಾವು ಕತ್ತಲಲ್ಲಿ ಕಾಯುತ್ತಿರುವ ಹೆಂಡತಿಯ ಜೊತೆಗಿದ್ದೇವೆ. ಗಂಡ ಬರುತ್ತಾನೆ. ‘ಐ ಹ್ಯಾವ್ ಡನ್ ದ ಡೀಡ್. ಡಿಡ್ಸ್ಟ್ ದೌ ನಾಟ್ ಹಿಯರ್ ಎ ನಾಯ್ಸ್?’ ಕೆಲಸ ಮುಗಿಸಿದೆ, ಏನೋ ಸದ್ದು ಕೇಳಲಿಲ್ಲವೇ? ಗೂಬೆ ಕೂಗಿತು, ಜೀರುಂಡೆ ಅರಚಿತು ಎನ್ನುತ್ತಾಳೆ. ನೀವು ಮಾತಾಡಲಿಲ್ಲವೇ? ಯಾವಾಗ? ಈಗ. ನಾನು ಇಳಿಯುವಾಗಲೇ? ಹೂಂ.

ಇಬ್ಬರು ಸೇರಿ ಈ ಸಾಲುಗಳನ್ನು ಓದಿ, ದೀಪ ಆರಿಸಿ, ಪಿಸುದನಿಯಲ್ಲಿ. ಒಂದೊಂದೇ ಪದದ ಮಾತು. ಎರಡು ದೃಶ್ಯದ ಹಿಂದೆ ನಿರರ್ಗಳವಾಗಿ ವಾದಿಸಿದ ದಂಪತಿಗೆ ಈಗ ಒಂದು ಪೂರ್ತಿ ವಾಕ್ಯ ಹೊರಡುತ್ತಿಲ್ಲ. ಕೊಲೆಯನ್ನು ಕಣ್ಣಿಗೆ ತೋರಿಸಿದ್ದರೆ ನಾವು ಡಂಕನ್‌ನನ್ನು ನೋಡುತ್ತಿದ್ದೆವು. ತೋರಿಸದೆ ಇದ್ದುದರಿಂದ ಕೊಂದವನ ಮುಖವನ್ನೇ ನೋಡುತ್ತಿದ್ದೇವೆ.

ಮುಂದೆ ಓದಿ. ಪಕ್ಕದ ಕೋಣೆಯಲ್ಲಿ ಯಾರೋ ನಿದ್ದೆಗಣ್ಣಲ್ಲಿ ದೇವರೇ ಕಾಪಾಡು ಎಂದರು, ನನಗೆ ‘ಆಮೆನ್’ ಎನ್ನಲು ಆಗಲಿಲ್ಲ, ಪದ ಗಂಟಲಲ್ಲೇ ಸಿಕ್ಕಿಕೊಂಡಿತು ಎಂದು ಮ್ಯಾಕ್‌ಬೆತ್ ಮತ್ತೆ ಮತ್ತೆ ಅದನ್ನೇ ಹೇಳುತ್ತಾನೆ. ಅವಳ ಕಣ್ಣು ಅವನ ಕೈಯಲ್ಲಿರುವ ಚೂರಿಗಳ ಮೇಲೆ ಬೀಳುತ್ತದೆ. ಕೊಲೆಯ ಆರೋಪ ಕಾವಲುಗಾರರ ಮೇಲೆ ಬರಲೆಂದು ಅವರ ಪಕ್ಕದಲ್ಲಿ ಇಟ್ಟು ಬರಬೇಕಾಗಿದ್ದ ಚೂರಿಗಳನ್ನು ಅವನು ಕೈಯಲ್ಲೇ ಹಿಡಿದು ತಂದಿದ್ದಾನೆ. ಹಿಂದಿರುಗಿ ಹೋಗಲಾರೆ ಎನ್ನುತ್ತಾನೆ. ಅವಳೇ ಹೋಗುತ್ತಾಳೆ. ಆದರೆ ಅದಕ್ಕೂ ಮೊದಲು, ಅವನು ಬರುವ ಮುನ್ನ, ಅವಳು ತನ್ನಷ್ಟಕ್ಕೆ ಆಡಿದ ಒಂದು ಮಾತನ್ನು ದಾಟಿ ಹೋಗಬೇಡಿ: ಮಲಗಿದ್ದ ಡಂಕನ್ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ. ಗೈಡುಗಳು ಅವಳನ್ನು ‘ನಾಲ್ಕನೆಯ ಮಾಟಗಾತಿ’ ಎಂದು ಬರೆಯುತ್ತವೆ. ಈ ಸಾಲನ್ನು ಓದಿದವರು ಹಾಗೆ ಬರೆಯಲಾರರು.

ಆಗ ಬಾಗಿಲು ಬಡಿಯುವ ಸದ್ದು. ನಿನ್ನ ಬಡಿತಕ್ಕೆ ಡಂಕನ್ ಏಳುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಮಾತಿನೊಂದಿಗೆ ದೃಶ್ಯ ಮುಗಿಯುತ್ತದೆ. ಈ ಬಡಿತದ ಬಗ್ಗೆಯೇ ಇಂಗ್ಲಿಷ್ ಲೇಖಕ ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದ. ಕೊಲೆಯ ಹೊತ್ತಿನಲ್ಲಿ ನಿಂತುಹೋಗಿದ್ದ ಲೋಕದ ನಾಡಿ ಬಾಗಿಲ ಸದ್ದಿನೊಂದಿಗೆ ಮತ್ತೆ ಮಿಡಿಯತೊಡಗುತ್ತದೆ, ಆಗಲೇ ನಡೆದದ್ದರ ಘೋರ ನಮಗೆ ತಟ್ಟುತ್ತದೆ ಎಂಬುದು ಅವನ ವಾದದ ಸಾರ. ವಿಮರ್ಶೆ ಓದಬೇಕೆನಿಸಿದರೆ ಅಲ್ಲಿಂದ ಶುರು ಮಾಡಿ, ಚಿಕ್ಕ ಬರಹ.

ಒಂದು ಪದದ ಬೆನ್ನು ಹತ್ತಿ

ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬಿಡಿ: ರಕ್ತ, ನಿದ್ದೆ, ಕೈ, ಮತ್ತು ‘ಡನ್’ ಎಂಬ ಕ್ರಿಯಾಪದ. ಓದುತ್ತ ಹೋದಂತೆ ಪದ ಸಿಕ್ಕ ಕಡೆಯೆಲ್ಲ ಅಂಕ, ದೃಶ್ಯ, ಯಾರ ಮಾತು ಎಂದು ಗುರುತು ಮಾಡಿ. ಈ ಪುಟಗಳು ಯಾವ ಗೈಡಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತವೆ.

‘ಡನ್’ ಪುಟ ಹೇಗೆ ತುಂಬುತ್ತದೆ ನೋಡಿ. ಕೊಲೆಗೆ ಮುಂಚೆ ಮ್ಯಾಕ್‌ಬೆತ್: ‘ಇಫ್ ಇಟ್ ವರ್ ಡನ್ ವೆನ್ ಟಿಸ್ ಡನ್’, ಮಾಡಿದ್ದು ಮಾಡಿದಾಗಲೇ ಮುಗಿದುಹೋಗುವಂತಿದ್ದರೆ. ಕೊಲೆಯಾದ ಕೂಡಲೇ: ‘ಐ ಹ್ಯಾವ್ ಡನ್ ದ ಡೀಡ್.’ ಮೂರನೆಯ ಅಂಕದಲ್ಲಿ ಗಂಡನಿಗೆ ಸಮಾಧಾನ ಹೇಳುತ್ತ ಲೇಡಿ ಮ್ಯಾಕ್‌ಬೆತ್: ‘ವಾಟ್ಸ್ ಡನ್ ಈಸ್ ಡನ್’, ಆದದ್ದು ಆಯಿತು. ಐದನೆಯ ಅಂಕದಲ್ಲಿ ನಿದ್ದೆಯಲ್ಲಿ ಅವಳೇ: ‘ವಾಟ್ಸ್ ಡನ್ ಕ್ಯಾನಾಟ್ ಬಿ ಅನ್‌ಡನ್.’ ಆದದ್ದನ್ನು ಆಗಿಲ್ಲದಂತೆ ಮಾಡಲಾಗದು. ಇಡೀ ದುರಂತ ಈ ನಾಲ್ಕು ಸಾಲಿನ ಏಣಿಯಲ್ಲಿ ಇಳಿದುಹೋಗುತ್ತದೆ.

ಕೈಯ ಪುಟವೂ ಅಷ್ಟೇ. ಸಮುದ್ರದ ನೀರೆಲ್ಲ ಸುರಿದರೂ ಈ ಕೈ ತೊಳೆದೀತೇ ಎಂದು ಎರಡನೆಯ ಅಂಕದಲ್ಲಿ ಕೇಳಿದವನು ಅವನು. ‘ಎ ಲಿಟಲ್ ವಾಟರ್’, ಒಂದಿಷ್ಟು ನೀರು ಸಾಕು ಎಂದವಳು ಅವಳು. ಕೊನೆಯಲ್ಲಿ ಅರೇಬಿಯದ ಅಷ್ಟೂ ಸುಗಂಧ ತಂದರೂ ಈ ಪುಟ್ಟ ಕೈ ಘಮ್ಮೆನ್ನದು ಎಂದು ಅಳುವವಳು ಅವಳೇ. ಆ ಹೊತ್ತಿಗೆ ಅವನಿಗೆ ಹೆದರಿಕೆಯ ರುಚಿಯೇ ಮರೆತುಹೋಗಿದೆ. ಇಬ್ಬರೂ ಜಾಗ ಬದಲಾಯಿಸಿಕೊಂಡಿದ್ದಾರೆ.

‘ದುರಂತ ದೋಷ’ ಎಂಬ ಸಿದ್ಧ ಉತ್ತರ

‘ಮ್ಯಾಕ್‌ಬೆತ್‌ನ ಟ್ರ್ಯಾಜಿಕ್ ಫ್ಲಾ ಅವನ ಮಹತ್ವಾಕಾಂಕ್ಷೆ.’ ಮೌಲ್ಯಮಾಪನಕ್ಕೆ ಕೂತಾಗ ಒಂದೇ ಬಂಡಲಿನಲ್ಲಿ ಈ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ. ಸುಳ್ಳೇನಲ್ಲ, ಆದರೆ ಅಲ್ಲಿಗೆ ನಿಂತರೆ ನಾಟಕ ಕೈಜಾರಿತು.

ಈ ‘ಫ್ಲಾ’ದ ಹಿಂದೆ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್ ಇದ್ದಾನೆ. ದುರಂತ ನಾಟಕದ ಬಗ್ಗೆ ಬರೆಯುತ್ತ ಅವನು ಬಳಸಿದ ಪದ ‘ಹಮಾರ್ಟಿಯಾ’. ಗುರಿ ತಪ್ಪುವುದು, ಎಡವುವುದು ಎಂಬುದು ಅದರ ಮೂಲ ಭಾವ. ಗುಣದೋಷ ಎಂಬ ಅರ್ಥಕ್ಕೆ ಅದನ್ನು ಕಟ್ಟಿಹಾಕಿದ್ದು ಆಮೇಲಿನವರು. ಅವನ ಮುಂದಿದ್ದದ್ದು ಗ್ರೀಕ್ ನಾಟಕಗಳು; ಅದೇ ಅಳತೆಪಟ್ಟಿಯಲ್ಲಿ ಷೇಕ್ಸ್‌ಪಿಯರ್‌ನನ್ನು ಅಳೆಯುವಾಗ ತುಸು ಯೋಚಿಸಿ.

ಗ್ರೀಕ್ ನಾಟಕದಲ್ಲಿ ತಿಳಿಯದೆ ಅಪ್ಪನನ್ನೇ ಕೊಂದ ಈಡಿಪಸ್‌ಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿರಲಿಲ್ಲ. ಮ್ಯಾಕ್‌ಬೆತ್‌ಗೆ ಎಲ್ಲವೂ ಗೊತ್ತು. ಮೊದಲ ಅಂಕದ ಏಳನೆಯ ದೃಶ್ಯದ ಸ್ವಗತದಲ್ಲಿ ಕಾರಣಗಳನ್ನು ತಾನೇ ಎಣಿಸುತ್ತಾನೆ: ನಾನು ಅವನ ಬಂಧು, ಅವನ ಪ್ರಜೆ, ಮೇಲಾಗಿ ಅವನು ನನ್ನ ಮನೆಯ ಅತಿಥಿ, ಕೊಲೆಗಾರ ಬಂದರೆ ಬಾಗಿಲು ಮುಚ್ಚಬೇಕಾದವನು ನಾನು, ಚೂರಿ ಹಿಡಿಯಬೇಕಾದವನಲ್ಲ. ಉಂಡ ಮನೆಗೆ ಎರಡು ಬಗೆಯುವುದನ್ನೇ ಸಹಿಸದ ನಮಗೆ, ಉಣ್ಣಿಸಿದವನೇ ಕೊಲ್ಲುವುದು ಎಂಥ ಪಾಪ ಎಂದು ಬೇರೆ ಹೇಳಬೇಕಿಲ್ಲ. ತಪ್ಪೆಂದು ಪೂರ್ತಿ ತಿಳಿದ, ತಿಳಿದದ್ದನ್ನು ಅಷ್ಟು ಚೆಂದದ ಮಾತಿನಲ್ಲಿ ಹೇಳಬಲ್ಲ ಒಬ್ಬ ಮನುಷ್ಯ ಆ ಮಾತು ಆರುವ ಮೊದಲೇ ತಪ್ಪು ಮಾಡುತ್ತಾನೆ. ನನ್ನ ಓದಿನಲ್ಲಿ ಈ ನಾಟಕದ ದುರಂತ ಇರುವುದು ಅಲ್ಲಿ. ನೀವು ಒಪ್ಪದಿರಬಹುದು, ಒಪ್ಪದಿದ್ದರೆ ಯಾವ ಸಾಲಿನ ಬಲದಿಂದ ಎಂದು ಬರೆಯಿರಿ.

ಕನ್ನಡದಲ್ಲಿ ಈ ಚರ್ಚೆ ಹಳೆಯದು. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತದ ಕಣ್ಣಿನಿಂದ ರನ್ನನ ದುರ್ಯೋಧನನನ್ನು ನೋಡಿ ‘ಗದಾಯುದ್ಧ ನಾಟಕಂ’ ಕಟ್ಟಿದರು. ಗ್ರೀಕ್ ನಾಟಕಕಾರ ಸೊಫೊಕ್ಲೀಸ್‌ನ ಏಜಾಕ್ಸ್ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆದ. ರನ್ನನನ್ನು ಕನ್ನಡ ತರಗತಿಯಲ್ಲಿ ಓದಿದ್ದರೆ ಅವನ ದುರ್ಯೋಧನನನ್ನೂ ಮ್ಯಾಕ್‌ಬೆತ್‌ನನ್ನೂ ಎದುರುಬದುರು ನಿಲ್ಲಿಸಿ ನೋಡಿ. ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರೂ ಬೀಳುವಾಗ ಕರುಳು ಚುರ್ ಎನ್ನುತ್ತದೆ.

ಇತಿಹಾಸ ಎಷ್ಟು ಬೇಕೋ ಅಷ್ಟು

ಕವಿಯ ಜನನ, ಮದುವೆ, ಮಕ್ಕಳು ಇಲ್ಲಿ ಬೇಡ. ಮೂರು ಸಂಗತಿ ಸಾಕು. ಸ್ಕಾಟ್ಲೆಂಡಿನ ಅರಸ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದ. ಅವನ ವಂಶದ ಮೂಲಪುರುಷ ಬ್ಯಾಂಕೊ ಎಂದು ಆಗ ನಂಬಿದ್ದರು. ಷೇಕ್ಸ್‌ಪಿಯರ್ ಆಧರಿಸಿದ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೊ ಕೂಡ ಕೊಲೆಯ ಪಾಲುದಾರ. ನಾಟಕದಲ್ಲಿ ಅವನ ಕೈ ಶುದ್ಧವಾಗಿದೆ. ಇನ್ನು, 1605ರ ನವೆಂಬರ್ 5ರಂದು ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಸಂಚು ಬಯಲಾಯಿತು. ಮರುವರ್ಷದ ವಿಚಾರಣೆಯಲ್ಲಿ ಪಾದ್ರಿ ಹೆನ್ರಿ ಗಾರ್ನೆಟ್‌ನ ಇಬ್ಬಗೆಯ ಮಾತು ದೊಡ್ಡ ಸುದ್ದಿಯಾಯಿತು. ಎರಡನೆಯ ಅಂಕದಲ್ಲಿ ಬಾಗಿಲು ಕಾಯುವವನು ತಾನು ನರಕದ ದ್ವಾರಪಾಲಕನೆಂದುಕೊಂಡು ಬರಮಾಡಿಕೊಳ್ಳುವ ‘ಇಕ್ವಿವೊಕೇಟರ್’, ಅಂದರೆ ಇಬ್ಬಗೆಯ ಮಾತಿನವನು, ಅಲ್ಲಿಂದ ಬಂದವನೆಂದು ವಿದ್ವಾಂಸರು ಹೇಳುತ್ತಾರೆ. ನಾಟಕ ಸುಮಾರು 1606ರದ್ದು ಎಂದು ಎಣಿಸುವುದಕ್ಕೆ ಇದೂ ಒಂದು ಕಾರಣ. ಅಚ್ಚಾದದ್ದು ಕವಿ ತೀರಿಕೊಂಡ ಮೇಲೆ, 1623ರಲ್ಲಿ.

ಎದ್ದು ನಿಂತು ಆಡಿ

ಮೂರನೆಯ ಅಂಕದ ಔತಣದ ದೃಶ್ಯವನ್ನು ತರಗತಿಯಲ್ಲೇ ಆಡಿನೋಡಿ. ಬೆಂಚುಗಳನ್ನು ಸರಿಸಿ, ಒಂದು ಕುರ್ಚಿ ಖಾಲಿ ಬಿಡಿ. ಬ್ಯಾಂಕೊನ ಪ್ರೇತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತದೆ ಎಂದು 1623ರ ಮುದ್ರಣದಲ್ಲೇ ರಂಗಸೂಚನೆ ಇದೆ. ಒಮ್ಮೆ ಒಬ್ಬ ವಿದ್ಯಾರ್ಥಿಯನ್ನು ಪ್ರೇತವಾಗಿ ಕೂರಿಸಿ ಆಡಿ, ಇನ್ನೊಮ್ಮೆ ಖಾಲಿ ಕುರ್ಚಿಯನ್ನೇ ನೋಡಿ ಮ್ಯಾಕ್‌ಬೆತ್ ಕಿರುಚಲಿ. ಮೊದಲ ಸಲ ನಾವೂ ಅವನ ಜೊತೆ ಹೆದರುತ್ತೇವೆ. ಎರಡನೆಯ ಸಲ ಅತಿಥಿಗಳ ಹಾಗೆ ಅವನನ್ನೇ ನೋಡಿ ಹೆದರುತ್ತೇವೆ. ಯಾವುದು ಸರಿ ಎಂಬ ಜಗಳ ತರಗತಿಯಲ್ಲಿ ಬರಲೇಬೇಕು.

ನಮ್ಮಲ್ಲಿ ಈ ಕಥೆ ತರಗತಿಯ ಆಚೆಗೂ ನಡೆದುಹೋಗಿದೆ. ಎಚ್.ಎಸ್. ಶಿವಪ್ರಕಾಶರು ಇದನ್ನು ‘ಮಾರನಾಯಕನ ದೃಷ್ಟಾಂತ’ ಎಂದು ನಮ್ಮ ಮಣ್ಣಿಗೆ ತಂದರು; ರಂಗನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಅದನ್ನು ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳಿಂದಲೇ ಆಡಿಸಿದರು. ಆದದ್ದನ್ನು ಆಗಿಲ್ಲದಂತೆ ಮಾಡಲಾಗದು ಎಂಬ ಮಾತು ಅಂಥ ರಂಗದ ಮೇಲೆ ಎಷ್ಟು ಭಾರವಾಗಿರಬೇಕು. ನಾಟಕ ಓದುವಾಗ ನನಗೆ ಅದು ಮತ್ತೆ ಮತ್ತೆ ನೆನಪಾಗುತ್ತದೆ.

ಉತ್ತರ ಬರೆಯುವಾಗ

ಮೊದಲು ಕನ್ನಡದಲ್ಲಿ ಯೋಚಿಸಿ, ನಾಲ್ಕು ವಾಕ್ಯದಲ್ಲಿ ನಿಮ್ಮ ವಾದವನ್ನು ಕನ್ನಡದಲ್ಲೇ ಗೀಚಿಕೊಳ್ಳಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಉದ್ದುದ್ದ ಉಲ್ಲೇಖ ಬೇಡ. ಐದಾರು ಪದದ ತುಣುಕು ಸಾಕು, ಆದರೆ ಅದನ್ನು ಬರೆದು ಬಿಟ್ಟುಬಿಡಬಾರದು. ಅದರೊಳಗಿನ ಒಂದು ಪದವನ್ನು ಹಿಡಿದು ಮಾತಾಡಬೇಕು. ‘ಎ ಲಿಟಲ್ ವಾಟರ್’ ಎಂದು ಬರೆದರೆ ಆ ‘ಲಿಟಲ್’ ಐದನೆಯ ಅಂಕದ ‘ಲಿಟಲ್ ಹ್ಯಾಂಡ್’ ಆಗಿ ಹೇಗೆ ಮರಳುತ್ತದೆ ಎಂದು ತೋರಿಸಿ. ಷೇಕ್ಸ್‌ಪಿಯರ್ ಜಗತ್ತಿನ ಶ್ರೇಷ್ಠ ನಾಟಕಕಾರ ಎಂದು ಉತ್ತರ ಶುರು ಮಾಡುವ ಬದಲು ನಾಟಕದ ಒಂದು ಸಾಲಿನಿಂದಲೇ ಶುರು ಮಾಡಿ.

ಒಂದು ಸಾಲಿಗೆ ಎರಡು ಅರ್ಥ ಕಂಡರೆ ಅದು ನಿಮ್ಮ ಅದೃಷ್ಟ. ಐದನೆಯ ಅಂಕದಲ್ಲಿ ರಾಣಿ ತೀರಿಕೊಂಡಳೆಂದು ಸುದ್ದಿ ಬರುತ್ತದೆ. ಮ್ಯಾಕ್‌ಬೆತ್ ಹೇಳುವುದು: ‘ಶಿ ಶುಡ್ ಹ್ಯಾವ್ ಡೈಡ್ ಹಿಯರಾಫ್ಟರ್.’ ಎಂದಾದರೂ ಸಾಯಬೇಕಾದವಳೇ ತಾನೆ ಎಂದೂ ಓದಬಹುದು. ಇನ್ನೂ ಸ್ವಲ್ಪ ದಿನ ಬಿಟ್ಟು ಸಾಯಬೇಕಿತ್ತು, ಆಗ ಅಳಲಿಕ್ಕಾದರೂ ಹೊತ್ತಿರುತ್ತಿತ್ತು ಎಂದೂ ಓದಬಹುದು. ಮೊದಲ ಅಂಕದ ಕಾಗದದಲ್ಲಿ ಅವಳನ್ನು ‘ನನ್ನ ಹಿರಿಮೆಯ ಪ್ರೀತಿಯ ಪಾಲುದಾರಳೇ’ ಎಂದು ಕರೆದಿದ್ದವನು ಇವನೇ. ಎರಡೂ ಅರ್ಥ ಬರೆಯಿರಿ, ನಿಮಗೆ ಯಾವುದು ಕೇಳಿಸಿತು ಎಂದೂ ಬರೆಯಿರಿ. ಅದು ತೀರ್ಮಾನವಾಗಲು ಆ ಸಾಲನ್ನು ನಾಲ್ಕು ಸಲವಾದರೂ ಗಟ್ಟಿಯಾಗಿ ಹೇಳಿನೋಡಬೇಕಾದೀತು.